ಬಚ್ಚಲು ಕಟ್ಟಿಕೊಂಡಾಗ

ಬಚ್ಚಲನ್ನು ಕುರಿತು ಬರೆಯಹೊರಟಿದ್ದೇನೆಂದು ವಾಚಕರು ಮೂಗು ಮುರಿಯಬಾರದು. ಭಾನುವಾರ ಬೆಳಗಿನ ಕಾಫಿಯ ಜೊತೆಗೆ ಓದುವ ಪುಟದಲ್ಲಿ ಇಂಥ ವಿಷಯವೆ ಎಂದು ಕೇಳುವವರಿಗೆ ನನ್ನ ಸಮಾಧಾನ ಇಷ್ಟೆ: ಕಾಫಿ ಕುಡಿದ ಲೋಟವನ್ನು ತೊಳೆದ ನೀರು ಎಲ್ಲಿಗೋ ಹೋಗಲೇಬೇಕು. ಆ ‘ಎಲ್ಲಿಗೋ’ ಎಂಬುದರ ಮೇಲೆ ಭಾರ ಹಾಕಿ ನಾವು ಎಷ್ಟು ನಿಶ್ಚಿಂತೆಯಿಂದ ಬಾಳುತ್ತಿದ್ದೇವೆಂಬುದು ನೀರು ಹೋಗದೆ ನಿಂತ ದಿನ ಮಾತ್ರ ತಿಳಿಯುತ್ತದೆ. ನನಗೆ ತಿಳಿದದ್ದು ಕಳೆದ ವರ್ಷ. ಬಚ್ಚಲನ್ನು ಕುರಿತು ಸ್ವಲ್ಪ ತಿಳಿಯಿತು, ನನ್ನನ್ನು ಕುರಿತು ಅದಕ್ಕಿಂತ ಹೆಚ್ಚು ತಿಳಿಯಿತು.

ನಾವಿರುವುದು ಬಸವನಗುಡಿಯಿಂದಾಚೆಗಿನ ಬಡಾವಣೆಯೊಂದರ ಬಾಡಿಗೆ ಮನೆಯಲ್ಲಿ. ಮನೆಯೊಡೆಯರು ಕೆಲವು ವರ್ಷ ಅಮೆರಿಕದಲ್ಲಿದ್ದು ಬಂದವರು. ಅಲ್ಲಿಯ ನೆನಪಿಗಾಗಿಯೋ ಏನೋ, ಬಚ್ಚಲುಮನೆಯಲ್ಲಿ ಬಿಳಿಯ ದೊಡ್ಡ ಟಬ್ಬೊಂದನ್ನು ಕೂರಿಸಿದ್ದಾರೆ. ಮೈ ಚಾಚಿ ಮಲಗಿ ಸ್ನಾನ ಮಾಡಲೆಂದು ಹುಟ್ಟಿದ ಆ ತೊಟ್ಟಿಯನ್ನು ತುಂಬಿಸಬೇಕಾದರೆ ಹತ್ತು ಹನ್ನೆರಡು ಬಕೆಟ್ ನೀರು ಬೇಕು. ಅಷ್ಟು ನೀರಿನಲ್ಲಿ ಒಬ್ಬನೇ ಮಲಗಿ ಏಳುವ ಧೈರ್ಯ ಬೆಂಗಳೂರಿನ ಬಾಡಿಗೆದಾರನಿಗೆ ಎಲ್ಲಿಂದ ಬರಬೇಕು? ನಾವು ಟಬ್ಬಿನೊಳಗೆ ಒಂದು ಬಕೆಟ್ ಇಟ್ಟುಕೊಂಡು, ಅದರ ಪಕ್ಕದಲ್ಲಿ ನಿಂತು, ಚೊಂಬಿನಿಂದ ಹೊಯ್ದುಕೊಳ್ಳುತ್ತೇವೆ. 2024ರ ಬೇಸಗೆಯಲ್ಲಿ ಊರೆಲ್ಲ ನೀರಿಗೆ ಬಾಯಿಬಿಟ್ಟಾಗ ಅದಕ್ಕೆ ಬಿರಡೆ ಹಾಕಿ, ಟ್ಯಾಂಕರಿನ ನೀರನ್ನು ಹಿಡಿದಿಟ್ಟಿದ್ದೆವು. ಅದೊಂದು ಕಾಲದಲ್ಲಿ ಮಾತ್ರ ಟಬ್ಬು ತುಂಬಿದ್ದು.

ಒಂದು ದಿನ ನನ್ನ ಸ್ನಾನ ಮುಗಿದಾಗ ನೀರು ಹಿಮ್ಮಡಿಯವರೆಗೆ ನಿಂತಿತ್ತು. ಮರುದಿನ ಇನ್ನೂ ಮೇಲೆ ಬಂತು. ಮೂರನೆಯ ದಿನ ಬೂದಿಬಣ್ಣದ ನೀರು ಸಂಜೆಯವರೆಗೂ ಕದಲದೆ ನಿಂತು, ಅದರ ಮೇಲೆ ಸೋಪಿನ ಕೆನೆ ಕಟ್ಟಿತು. ಅಂಗಡಿಗೆ ಹೋಗಿ ಕೊಳವೆ ಬಿಡಿಸುವ ಪುಡಿಯ ಒಂದು ಪೊಟ್ಟಣ ತಂದೆ. ಕಾಸ್ಟಿಕ್ ಸೋಡದ ಜಾತಿಯ ಪುಡಿ. ಅದು ಜಿಡ್ಡನ್ನು ಕರಗಿಸುತ್ತದೆ, ಕೂದಲನ್ನು ತಿನ್ನುತ್ತದೆ, ಚರ್ಮ ಸಿಕ್ಕಿದರೆ ಚರ್ಮವನ್ನೂ ಬಿಡುವುದಿಲ್ಲ. ಕೈಗೆ, ಕಣ್ಣಿಗೆ ತಾಕಿಸಬಾರದೆಂದು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ್ದರು. ನಾನು ಓದುವ ಕಸುಬಿನವನಾದ್ದರಿಂದ ಅದನ್ನು ಪೂರ್ತಿ ಓದಿ, ದೂರ ನಿಂತು, ಮುಖ ತಿರುಗಿಸಿಕೊಂಡು, ನಿಂತ ನೀರಿಗೇ ಪುಡಿಯನ್ನು ಸುರಿದೆ. ಬೆಳಗ್ಗೆ ನೋಡಿದರೆ ನೀರು ಹಾಗೆಯೇ ಇತ್ತು.

ಅಂದು ಕಾಲೇಜಿನಲ್ಲಿ ಎರಡನೆಯ ಪೀರಿಯಡ್ಡು ವಚನ ಸಾಹಿತ್ಯದ್ದು. ಹನ್ನೆರಡನೆಯ ಶತಮಾನದ ಶರಣರ ಕಾಯಕವನ್ನು ವಿವರಿಸಿದೆ. ಚರ್ಮ ಹದ ಮಾಡುವ ಕಕ್ಕಯ್ಯ, ಹಗ್ಗ ಹೊಸೆಯುವ ಚಂದಯ್ಯ, ಚೆಲ್ಲಿದ ಅಕ್ಕಿಯನ್ನು ಆಯುವ ಮಾರಯ್ಯ ಇವರೆಲ್ಲ ಹೇಗೆ ಒಂದೇ ಪಂಕ್ತಿಯಲ್ಲಿ ಕುಳಿತರೆಂಬುದನ್ನು ಹೇಳುವಾಗ ನನಗೆ ಕಂಠ ಸ್ವಲ್ಪ ತುಂಬಿ ಬರುವುದುಂಟು. ಅಂದೂ ಬಂತು. ಪಾಠ ಚೆನ್ನಾಗಿತ್ತೆಂದು ಹುಡುಗರು ಹೇಳಿದರು.

ಸಂಜೆ ಪ್ಲಂಬರ್ ಬಂದ. ಇಪ್ಪತ್ತೈದರ ಹುಡುಗ, ಕಿವಿಗೆ ಫೋನು. ಅವನ ಹಿಂದೆ ಅರವತ್ತು ದಾಟಿದ ಮುದುಕರೊಬ್ಬರು, ಮಂಡಿಯವರೆಗೆ ಮಡಿಸಿದ ಪ್ಯಾಂಟು, ಕೈಯಲ್ಲಿ ತಂತಿಯ ಸುರುಳಿ. ಪ್ಲಂಬರ್ ನೋಡಿ, ಬೆಲೆ ಹೇಳಿ, ಮುದುಕರಿಗೆ ಕಣ್ಣಿನಿಂದ ಸನ್ನೆ ಮಾಡಿದ. ಅವರು ಟಬ್ಬಿನ ಅಂಚಿನ ಮೇಲೆ ಬಗ್ಗಿ, ಬರಿಗೈಯನ್ನು ಮೊಳಕೈವರೆಗೆ ಆ ನೀರಿಗೆ ಇಳಿಸಿದರು. ಜಾಲರಿಯನ್ನು ಬಿಚ್ಚಿ ತೆಗೆದು, ಬೆರಳಿನಿಂದ ತೂತನ್ನು ತಡಕುತ್ತಿದ್ದವರು ಸ್ವಲ್ಪ ಹೊತ್ತಿಗೆ ಕೈಯನ್ನು ಹಿಂದಕ್ಕೆಳೆದುಕೊಂಡು ಒಂದಕ್ಕೊಂದು ಉಜ್ಜಿ ನೋಡಿದರು.

“ರಾತ್ರಿ ಪುಡಿ ಏನಾರ ಹಾಕಿದ್ರಾ ಸ್ವಾಮಿ?”

“ಹೂಂ, ಸ್ವಲ್ಪ ಹಾಕಿದ್ದೆ,” ಎಂದೆ.

“ಹಾಕಿದ್ರೆ ಮೊದ್ಲೇ ಏಳ್ಬೇಕಲ್ವಾ,” ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಮಳೆ ಬರುವ ಹಾಗಿದ್ದರೆ ಕೊಡೆ ತರಬೇಕಾಗಿತ್ತು ಎನ್ನುವವರ ಹಾಗೆ ಹೇಳಿದರು. ಕೈ ಕೆಂಪಗಾಗತೊಡಗಿತ್ತು.

ನಾನು ಗಾಬರಿಯಾದೆ. ಒಂದು ಚೊಂಬು ನೀರು ತಂದು, “ಕೈ ಹಿಡಿ, ಕೈ ಹಿಡಿ,” ಎನ್ನುತ್ತ ಹೊಯ್ದೆ. ಎರಡನೆಯ ಚೊಂಬು ಹೊಯ್ದೆ, ಮೂರನೆಯದೂ ಹೊಯ್ದೆ. ಅವರು ಕೈ ಒದರಿಕೊಂಡು, “ಸಾಕು ಬುಡಿ,” ಎಂದು ತಂತಿ ಇಳಿಸಿ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದರು. ಟಬ್ಬಿನ ನೀರು ಒಮ್ಮೆ ಸುತ್ತು ಹಾಕಿ, ಗುಳಕ್ಕೆಂದು ಇಳಿದುಹೋಯಿತು. ಹಣವನ್ನು ಪ್ಲಂಬರನ ಕೈಗೆ ಕೊಟ್ಟೆ. ಅದರಲ್ಲಿ ಅವರಿಗೆಷ್ಟು ಹೋಯಿತೆಂದು ವಿಚಾರಿಸಲಿಲ್ಲ. ಹೆಸರನ್ನೂ ಕೇಳಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಏಳನೆಯ ತರಗತಿಯಲ್ಲಿ ಓದುವ ನನ್ನ ಮಗಳು ಕೇಳಿದಳು: “ಅಪ್ಪಾ, ಆ ತಾತನಿಗೆ ಅಷ್ಟು ಮೇಲಿಂದ ಯಾಕೆ ನೀರು ಹುಯ್ದೆ? ಕೈ ತೊಳೆಯೋ ಬೇಸಿನ್ ಪಕ್ಕದಲ್ಲೇ ಇತ್ತಲ್ವಾ?”

ನಾನು ಉತ್ತರ ಹೇಳಲಿಲ್ಲ. ಹೌದು, ಬೇಸಿನ್ ಪಕ್ಕದಲ್ಲೇ ಇತ್ತು. ಅದರ ಮೇಲೆ ನಲ್ಲಿ ಇತ್ತು, ಸೋಪು ಇತ್ತು, ಟವೆಲ್ಲಿತ್ತು. ಉರಿಯುತ್ತಿದ್ದ ಕೈಗೆ ಹರಿಯುವ ನಲ್ಲಿಯ ನೀರಿಗಿಂತ ಒಳ್ಳೆಯ ಔಷಧವಿಲ್ಲ. ನಾನು ಚೊಂಬನ್ನು ಎತ್ತಿ, ಒಂದು ಮೊಳ ಮೇಲಿನಿಂದ, ಅವರ ಕೈ ಚೊಂಬಿಗೆ ತಾಕದ ಹಾಗೆ ನೀರು ಬಿಟ್ಟಿದ್ದೆ. ಅವರ ಜಾತಿ ಯಾವುದೆಂದು ನಾನು ಕೇಳಿರಲಿಲ್ಲ. ಕೇಳದೆಯೇ ನನ್ನ ಕೈ ಏನನ್ನೋ ಊಹಿಸಿಕೊಂಡಿತ್ತು. ನಾಲಗೆಯೂ ಊಹಿಸಿಕೊಂಡಿತ್ತು: ಇಪ್ಪತ್ತೈದರ ಪ್ಲಂಬರನಿಗೆ “ಬನ್ನಿ, ನೋಡಿ” ಎಂದ ನಾನು, ನನ್ನ ತಂದೆಯ ವಯಸ್ಸಿನವರಿಗೆ “ಕೈ ಹಿಡಿ” ಎಂದಿದ್ದೆ. ಬಹುವಚನದ ಪ್ರಯೋಗವನ್ನು ವಿದ್ಯಾರ್ಥಿಗಳಿಗೆ ಕಲಿಸಿ ಸಂಬಳ ತೆಗೆದುಕೊಳ್ಳುವವನು ನಾನು.

ನನ್ನ ತಾಯಿಯ ತಾಯಿ ಮಡಿಯ ಹೆಂಗಸು. ಹಿತ್ತಿಲ ಕೆಲಸಕ್ಕೆ ಬರುತ್ತಿದ್ದವರಿಗೆ ಕುಡಿಯುವ ನೀರನ್ನು ಆಕೆ ಹೀಗೆಯೇ ಎತ್ತಿ ಹೊಯ್ಯುತ್ತಿದ್ದಳು. ಅವರು ಬೊಗಸೆಯೊಡ್ಡಿ, ಕತ್ತು ಬಗ್ಗಿಸಿ ಕುಡಿಯುತ್ತಿದ್ದರು. ಚಿಕ್ಕಂದಿನಲ್ಲಿ ಅದನ್ನು ನೋಡಿದ್ದ ನಾನು, ದೊಡ್ಡವನಾದ ಮೇಲೆ ನಾಲ್ಕು ಪುಸ್ತಕ ಓದಿ, ಅದೆಲ್ಲವನ್ನೂ ದಾಟಿ ಬಂದೆನೆಂದು ತಿಳಿದಿದ್ದೆ. ಅಜ್ಜಿಯಾದರೋ ತಾನು ಮಾಡುವುದನ್ನು ಬಾಯಿಬಿಟ್ಟು ಹೇಳಿ ಮಾಡುತ್ತಿದ್ದಳು, ಅದನ್ನು ತಪ್ಪೆನ್ನಲು ಎದುರಿಗೆ ಅವಕಾಶವಾದರೂ ಇತ್ತು. ನನ್ನ ಮಡಿ ಬಾಯಿಯನ್ನು ಬಿಟ್ಟು ಕೈಯಲ್ಲಿ ಅಡಗಿ ಕುಳಿತಿತ್ತು.

ಈ ಪ್ರಸಂಗವನ್ನು ಅರ್ಥಶಾಸ್ತ್ರದ ಸಹೋದ್ಯೋಗಿ ಮಿತ್ರರೊಬ್ಬರಿಗೆ ಹೇಳಿದೆ. ಅವರು ನಕ್ಕರು. “ಶ್ರಮ ವಿಭಜನೆ ಎಂದರೆ ಇದೇ ಅಲ್ಲವೆ? ಕ್ಷೌರ ನೀವೇ ಮಾಡಿಕೊಳ್ಳುತ್ತೀರಾ? ಚಪ್ಪಲಿ ನೀವೇ ಹೊಲಿಯುತ್ತೀರಾ? ನಿಮ್ಮ ಬಚ್ಚಲು ಕಟ್ಟಿಕೊಂಡದ್ದರಿಂದ ಅವರಿಗೊಂದು ದಿನದ ಕೂಲಿ ಸಿಕ್ಕಿತು. ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು?” ಎಂದರು. ಮಾತು ತಳ್ಳಿಹಾಕುವಂಥದ್ದಲ್ಲ. ನನಗೆ ಬಾರದ ವಿದ್ಯೆಯನ್ನು ಬಲ್ಲವರಿಂದ ಹಣ ಕೊಟ್ಟು ಪಡೆಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಯೋಚಿಸಿದಂತೆ ನನಗೊಂದು ಅನುಮಾನ ಹುಟ್ಟಿತು: ನಾನು ಅಂದು ಕೊಂಡುಕೊಂಡದ್ದು ವಿದ್ಯೆಯನ್ನೆ? ತಂತಿಯೊಂದನ್ನು ಬಗ್ಗಿಸಿ ತೂತಿಗೆ ಬಿಡುವುದು ನನಗೆ ಅಸಾಧ್ಯವಾದ ವಿದ್ಯೆಯೇನಲ್ಲ. ನನಗೆ ಅಸಾಧ್ಯವಾಗಿದ್ದದ್ದು ಆ ನೀರಿನಲ್ಲಿ ಕೈಯಿಡುವುದು. ನಾನು ಹಣ ಕೊಟ್ಟು ವರ್ಗಾಯಿಸಿದ್ದು ನನ್ನ ಹೇಸಿಗೆಯನ್ನು. ಹೇಸಿಗೆಗೆ ಒಂದು ವಿಚಿತ್ರ ಗುಣವಿದೆ. ಹಣ ಕೊಟ್ಟ ಕೂಡಲೆ ಅದು ನನ್ನನ್ನು ಬಿಟ್ಟಿತು, ತೆಗೆದುಕೊಂಡವರ ಮೈಗೆ ಅಂಟಿಕೊಂಡಿತು. ಚೊಂಬನ್ನು ಮೇಲೆತ್ತಿದ್ದು ಅದಕ್ಕಾಗಿ.

ಕೊಳೆಯನ್ನು ಕಂಡು ಹೇಸುವುದು ಮನುಷ್ಯಸಹಜ, ಅದಕ್ಕೆ ನೀತಿಯ ಬಣ್ಣ ಬೇಡ ಎನ್ನಬಹುದು. ಹೇಸಿಗೆ ಸಹಜವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅದು ಯಾರ ಮೇಲೆ ನಿಲ್ಲುತ್ತದೆಂಬುದು ಸಹಜವಾದದ್ದಲ್ಲ. ಎಳೆಯ ಕೂಸಿನ ಹೊಲಸನ್ನು ತಾಯಿ ತೊಳೆಯುತ್ತಾಳೆ. ಅದೇ ಕೈಯಿಂದ ಕಲಸಿದ ಅನ್ನವನ್ನು ನಾವು ಅಮೃತವೆಂದು ಉಣ್ಣುತ್ತೇವೆ. ಕೀವು ತುಂಬಿದ ಹುಣ್ಣನ್ನು ವೈದ್ಯರು ಕೊಯ್ದು ತೊಳೆಯುತ್ತಾರೆ. ಅವರ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ, ಸಾಧ್ಯವಾದರೆ ಮಗಳನ್ನು ಕೊಡುತ್ತೇವೆ. ಬಚ್ಚಲಿನ ಜಿಡ್ಡು ಈ ಎರಡಕ್ಕಿಂತಲೂ ಹೆಚ್ಚು ಹೊಲಸಾದುದೇನಲ್ಲ. ಆದರೂ ಅದನ್ನು ಮುಟ್ಟಿದವರಿಗೆ ಮಾತ್ರ ನೀರು ಮೇಲಿನಿಂದ ಬೀಳುತ್ತದೆ. ತಾಯಿಯ ಕೈಯನ್ನು ಪ್ರೀತಿ ತೊಳೆಯುತ್ತದೆಂದೂ ವೈದ್ಯರ ಕೈಯನ್ನು ವಿದ್ಯೆ ತೊಳೆಯುತ್ತದೆಂದೂ ನಾವು ನಂಬಿದ್ದೇವೆ. ಮೂರನೆಯವರ ಕೈಯನ್ನು ತೊಳೆಯುವಂಥದು ಏನೂ ಇಲ್ಲವೆಂದು ಎಂದೋ ತೀರ್ಮಾನಿಸಿ, ಆ ತೀರ್ಮಾನವನ್ನು ಮೂಗಿನ ಸ್ವಭಾವವೆಂದು ಕರೆಯುತ್ತಿದ್ದೇವೆ.

ಇನ್ನೊಂದು ವಿಚಿತ್ರವನ್ನು ನೋಡಿ. ತಲೆಯ ಮೇಲಿರುವ ತನಕ ಕೂದಲಿನಷ್ಟು ಪ್ರಿಯವಾದ ವಸ್ತು ಬೇರೆಯಿಲ್ಲ. ಅದಕ್ಕೆ ಎಣ್ಣೆ, ಸೀಗೆಕಾಯಿ, ಬಾಚಣಿಗೆ, ಮಲ್ಲಿಗೆ. ಅದೇ ಕೂದಲು ಉದುರಿ ಸಾರಿನಲ್ಲಿ ಸಿಕ್ಕಿದರೆ ಊಟ ಬಿಟ್ಟು ಏಳುತ್ತೇವೆ. ಜಾಲರಿಯ ಮೇಲೆ ಕಂಡರೆ ಕಾಲಬೆರಳಿನಿಂದ ಆಚೆ ನೂಕುತ್ತೇವೆ. ನಡುವೆ ಕೂದಲಿಗೆ ಏನಾಯಿತು? ಏನೂ ಆಗಲಿಲ್ಲ. ‘ಇದು ನನ್ನದು’ ಎಂಬ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡೆ, ಅಷ್ಟೆ. ನಾವು ಕೊಳೆ ಎಂದು ಕರೆಯುವುದರಲ್ಲಿ ಬಹುಪಾಲು ನಾವು ನಮ್ಮದಲ್ಲವೆಂದು ಕೈಬಿಟ್ಟದ್ದು.

ಕೈಬಿಡುವುದಕ್ಕೆ ಬೇಕಾದ ಸಲಕರಣೆಯೂ ಮನೆಯಲ್ಲಿಯೇ ಇದೆ. ಬಚ್ಚಲಿನ ತೂತಿನ ಕೆಳಗೆ ಬಾಗಿದ ಒಂದು ಕೊಳವೆಯೋ ಬಟ್ಟಲೋ ಇರುತ್ತದೆ. ನೆಲದಲ್ಲಿ ಹೂಳುವುದನ್ನು ನಮ್ಮ ಪ್ಲಂಬರುಗಳು ‘ನಹಾನಿ ಟ್ರ್ಯಾಪ್’ ಎನ್ನುತ್ತಾರೆ. ಮರಾಠಿಯಲ್ಲಿ ‘ನ್ಹಾಣಿ’ ಎಂದರೆ ಬಚ್ಚಲು. ಆ ಬಾಗಿನಲ್ಲಿ ಸದಾ ಎರಡು ಅಂಗುಲದಷ್ಟು ನೀರು ನಿಂತಿದ್ದು, ಕೆಳಗಿನ ಚರಂಡಿಯ ದುರ್ಗಂಧ ಮೇಲೆ ಬಾರದಂತೆ ತಡೆಯುತ್ತದೆ. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬುವನು 1775ರಲ್ಲಿ ಕಕ್ಕಸಿನ ಕೆಳಗೆ ಇಂಥ ಬಾಗನ್ನು ಇಟ್ಟು ಪೇಟೆಂಟ್ ಪಡೆದ. ನಗರದ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಉಪಕಾರವನ್ನು ಮಾಡಿದವರು ಕಡಮೆ. ನಮ್ಮಿಂದ ಎಲ್ಲವೂ ಕೆಳಗೆ ಹೋಗುತ್ತದೆ, ಕೆಳಗಿನಿಂದ ವಾಸನೆಯೂ ಹಿಂದಿರುಗುವುದಿಲ್ಲ. ಕೂದಲೂ ಸೋಪಿನ ಮಡ್ಡಿಯೂ ಹೆಣೆದುಕೊಂಡು ಕುಳಿತುಕೊಳ್ಳುವುದು ಹೆಚ್ಚಾಗಿ ಈ ಬಾಗಿನ ಆಸುಪಾಸಿನಲ್ಲಿಯೇ. ನಮ್ಮಲ್ಲಿ ಕೊಳವೆಬಾವಿಯ ಗಡಸು ನೀರಾದರೆ ಸೋಪು ಕರಗದ ಮಡ್ಡಿಯಾಗಿ ಬೇಗ ಗಟ್ಟಿಯಾಗುತ್ತದೆ.

ನಮ್ಮ ತಾತನ ಹಳ್ಳಿಯ ಮನೆಯಲ್ಲಿ ಇಂಥ ಬಾಗು ಇರಲಿಲ್ಲ. ಹಂಡೆಯ ಪಕ್ಕದ ಕಲ್ಲುಹಾಸಿನಿಂದ ಹೊರಟ ಬಚ್ಚಲ ನೀರು ಗೋಡೆಯ ತೂತಿನಿಂದ ಹಿತ್ತಿಲಿಗೆ ಹರಿದು, ಬಾಳೆಯ ಬುಡಕ್ಕೂ ಕೆಸುವಿನ ಮಡಿಗೂ ಹೋಗುತ್ತಿತ್ತು. ಕಟ್ಟಿಕೊಂಡರೆ ತಾತನೇ ಗುದ್ದಲಿ ಹಿಡಿದು ಬಿಡಿಸುತ್ತಿದ್ದ. ಅಲ್ಲಿಯ ಬಚ್ಚಲು ಕಣ್ಣಿಗೆ ಕಾಣುತ್ತಿತ್ತು, ಅದು ಹೋಗುವ ಜಾಗವೂ ಕಾಣುತ್ತಿತ್ತು. ಹಾಗೆಂದು ಹಳೆಯ ಕಾಲವನ್ನು ಹೊಗಳಲು ಹೊರಟಿಲ್ಲ. ಬಚ್ಚಲಿಗೆ ಗುದ್ದಲಿ ಹಿಡಿದ ತಾತನೇ ಸತ್ತ ದನವನ್ನು ಸಾಗಿಸಲು ಊರಾಚೆಯವರನ್ನು ಕರೆಸುತ್ತಿದ್ದ. ಪೇಟೆಗಳ ಏರ್ಪಾಡು ಇನ್ನೂ ಸ್ಪಷ್ಟವಾಗಿತ್ತು. 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಂಥ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಕನ್ಸರ್ವೆನ್ಸಿ ಗಲ್ಲಿಗಳೆಂಬ ಕಿರುದಾರಿಗಳನ್ನು ಈಗಲೂ ಕಾಣಬಹುದು. ಮನೆಯ ಮುಂಬಾಗಿಲಿಗೆ ತೋರಣ, ರಂಗೋಲಿ, ನೆಂಟರು. ಹಿಂದಿನ ಗಲ್ಲಿ ಮಲವನ್ನು ಹೊತ್ತು ಒಯ್ಯುವವರಿಗೆ. ಅವರು ಬಂದುಹೋದದ್ದು ಮನೆಯವರಿಗೆ ಕಾಣಬಾರದೆಂದೇ ದಾರಿಯನ್ನು ಹಾಗೆ ಹಾಕಿದ್ದರು.

ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿಯೂ 2013ರಲ್ಲಿಯೂ ಸಂಸತ್ತು ಕಾನೂನು ಮಾಡಿತು. ಎರಡನೆಯ ಕಾನೂನಿನ ಪ್ರಕಾರ ರಕ್ಷಣೆಯ ಸಲಕರಣೆಗಳಿಲ್ಲದೆ ಯಾರನ್ನೂ ಒಳಚರಂಡಿಗಾಗಲಿ ಮಲಗುಂಡಿಗಾಗಲಿ ಇಳಿಸಕೂಡದು. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಬೇಕಾಗಿ ಬಂತು. ಏರಿಸಬೇಕಾಗಿ ಬಂತೆಂಬುದರ ಅರ್ಥವನ್ನು ವಾಚಕರೇ ಊಹಿಸಬಹುದು: ಸಾವು ನಿಂತಿರಲಿಲ್ಲ. 2010ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಇದೇ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದ ಕುಟುಂಬದವರು, ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸುವುದನ್ನು ಪ್ರತಿಭಟಿಸಿ, ಜನರ ಎದುರಿಗೆ ಮೈಮೇಲೆ ಮಲವನ್ನು ಸುರಿದುಕೊಂಡರು. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದಾಗ ನಾನು ಪುಟ ಮಗುಚಿದ್ದೆನೆಂದು ನೆನಪು. ಬಾಗಿದ ಕೊಳವೆಯಲ್ಲಿ ನಿಲ್ಲುವ ಎರಡಂಗುಲ ನೀರು ಮನುಷ್ಯನ ಮನಸ್ಸಿನಲ್ಲಿಯೂ ನಿಂತಿರುತ್ತದೆ.

ನನ್ನ ಬಚ್ಚಲಿಗೂ ಸವಣೂರಿಗೂ ಒಂದೇ ತೂಕವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಅವರ ಸಂಕಟಕ್ಕೆ ಮಾಡಿದ ಅಪಚಾರವಾದೀತು. ನನ್ನದು ಸೋಪಿನ ನೀರು, ಅವರದು ಬದುಕಿನ ಪ್ರಶ್ನೆ. ಆದರೆ ಇಲ್ಲಿ ಎತ್ತಿ ಹಿಡಿದ ಚೊಂಬಿಗೂ ಆ ಗಲ್ಲಿಗೂ ಸಂಬಂಧವಿಲ್ಲವೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ನಾಲ್ಕು ತಿಂಗಳಾದ ಮೇಲೆ ಬಚ್ಚಲು ಮತ್ತೆ ಕಟ್ಟಿಕೊಂಡಿತು. ಈ ಸಲ ಪ್ಲಂಬರನನ್ನು ಕರೆಯಲಿಲ್ಲ, ಪುಡಿಯನ್ನೂ ತರಲಿಲ್ಲ. ಭಾನುವಾರ ಬೆಳಗ್ಗೆ ಹಳೆಯ ಪಂಚೆಯುಟ್ಟು, ನಿಂತ ನೀರನ್ನು ಚೊಂಬಿನಿಂದ ಮೊಗೆದು ಬಕೆಟ್ಟಿಗೆ ಹಾಕಿ, ಜಾಲರಿಯ ತಿರುಪನ್ನು ಬಿಚ್ಚಿದೆ. ಬಟ್ಟೆ ಒಣಹಾಕುವ ತಂತಿಯ ತುಂಡೊಂದರ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಒಳಗೆ ಬಿಟ್ಟೆ. ಹೆಂಡತಿ ರಬ್ಬರಿನ ಕೈಗವಸು ಕೊಟ್ಟಳು, ಹಾಕಿಕೊಂಡೆ. ಕೊಕ್ಕೆಗೆ ಏನೋ ಸಿಕ್ಕಿತು. ಎಳೆದರೆ ಬಾರದು, ಬಿಟ್ಟರೆ ಜಾರುವುದು. ತಿರುಗಿಸುತ್ತ ಮೆಲ್ಲಗೆ ಎಳೆದಾಗ ಕಪ್ಪಗೆ, ಒದ್ದೆಯಾಗಿ, ಹೆಬ್ಬೆರಳ ಗಾತ್ರದ ಹಗ್ಗವೊಂದು ಮೊಳದುದ್ದ ಹೊರಗೆ ಬಂತು. ಹೊಟ್ಟೆ ತೊಳಸಿತು. ನಿಜವನ್ನು ಮುಚ್ಚಿಡುವುದಿಲ್ಲ, ಒಂದು ನಿಮಿಷ ಎದ್ದು ಹೊರಗೆ ಹೋಗಿ ನಿಂತು ಬಂದೆ.

ಮತ್ತೆ ಕುಳಿತು ನೋಡಿದಾಗ ಅದರಲ್ಲಿ ಒಂದೊಂದಾಗಿ ಗುರುತು ಸಿಕ್ಕತೊಡಗಿತು. ಉದ್ದನೆಯವು ನನ್ನಾಕೆಯ ಕೂದಲು. ಗುಂಗುರಾದವು ಮಗಳವು. ನಡುವೆ ಸಿಕ್ಕಿಕೊಂಡಿದ್ದ ಗಿಡ್ಡ ಬಿಳಿಯವು ಯಾರವೆಂದು ಹೇಳಬೇಕಾಗಿಲ್ಲ. ನಾನು ಕನ್ನಡಿಯಲ್ಲಿ ಕಾಣದಂತೆ ಬಾಚಿಕೊಳ್ಳುತ್ತಿದ್ದ ಮುಪ್ಪು ಇಲ್ಲಿ ಬಂದು ಲೆಕ್ಕ ಇಟ್ಟುಕೊಂಡು ಕುಳಿತಿತ್ತು. ದೀಪಾವಳಿಯ ಎಣ್ಣೆನೀರಿನ ಸೀಗೆಪುಡಿಯ ಗಸಿ, ಒಂದು ಅಂಟುಬೊಟ್ಟು, ಮಗಳ ಕೈಗೆ ಕಟ್ಟಿದ್ದ ದೇವರ ದಾರದ ತುಂಡು. ನಾವು ಮೂವರು ಒಟ್ಟಿಗೆ ಕಳೆದ ನಾಲ್ಕು ತಿಂಗಳು ಅದು. ಗುರುತು ಸಿಕ್ಕ ಮೇಲೆ ಹೇಸಿಗೆ ಪೂರ್ತಿ ಹೋಯಿತೆಂದರೆ ಸುಳ್ಳಾದೀತು. ಸಗಟಾಗಿದ್ದುದು ಸ್ವಲ್ಪ ಇಳಿಯಿತು. ತಂತಿಯನ್ನು ಇನ್ನೆರಡು ಸಲ ಬಿಟ್ಟು ತೆಗೆದು, ಒಂದು ಬಕೆಟ್ ಬಿಸಿನೀರು ಸುರಿದೆ. ಗುಳಕ್ಕೆಂದಿತು. ಅದನ್ನು ಕೇಳಿ ನನಗಾದ ಸಂತೋಷ ಎಂ.ಎ. ಪಾಸಾದಾಗಲೂ ಆಗಿರಲಿಲ್ಲ.

ನಾನು ಬಹು ದೊಡ್ಡ ಕಾರ್ಯವನ್ನು ಸಾಧಿಸಿದವನ ಹಾಗೆ ಹೊರಗೆ ಬಂದು, ಇನ್ನು ಮೇಲೆ ಈ ಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಕೊಳೆಯನ್ನು ತಾವೇ ತೆಗೆಯತಕ್ಕದ್ದೆಂದು ಸಣ್ಣ ಉಪನ್ಯಾಸ ಪ್ರಾರಂಭಿಸಿದೆ. ಕಾಫಿಪುಡಿಗೆ ನೀರು ಹಾಕುತ್ತಿದ್ದ ನನ್ನಾಕೆ ತಿರುಗಿ ನೋಡದೆ, “ಏನ್ರೀ, ಇಷ್ಟು ವರ್ಷ ಆ ಜಾಲರಿ ಮೇಲಿನ ಕೂದಲು ದಿನಾ ತೆಗೀತಿದ್ದವರು ಯಾರು ಅಂದ್ಕೊಂಡಿದ್ರಿ? ನನಗೆ ಸೊಂಟ ನೋವು ಬಂದು ಬಗ್ಗೋಕಾಗ್ದೆ ಇದ್ದದ್ದಕ್ಕೆ ತಾನೇ ಅದು ಕಟ್ಟಿಕೊಂಡಿದ್ದು?” ಎಂದಳು.

ನನ್ನ ಉಪನ್ಯಾಸ ಅಲ್ಲಿಗೆ ಮುಗಿಯಿತು. ಹದಿನಾರು ವರ್ಷ ನನ್ನ ಬಚ್ಚಲು ತಾನಾಗಿಯೇ ಹರಿಯುತ್ತಿತ್ತೆಂದು ನಾನು ತಿಳಿದಿದ್ದೆ. ಕನ್ಸರ್ವೆನ್ಸಿ ಗಲ್ಲಿ ಮನೆಯ ಹಿಂದೆ ಮಾತ್ರ ಇರುವುದಲ್ಲವೆಂಬುದು, ಅದನ್ನು ನಾನು ನನ್ನ ಮನೆಯ ಒಳಗೇ ಹಾಕಿಸಿಕೊಂಡಿದ್ದೆನೆಂಬುದು ಆಗ ಅರ್ಥವಾಯಿತು.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ 1898ರ ಒಂದು ಪ್ರಸಂಗವನ್ನು ಬರೆದಿದ್ದಾರೆ. ಡರ್ಬನ್ನಿನ ಅವರ ಮನೆಯಲ್ಲಿ ಗುಮಾಸ್ತರೂ ವಾಸವಾಗಿದ್ದರು. ಕೊಠಡಿಗಳಲ್ಲಿಡುತ್ತಿದ್ದ ಮೂತ್ರದ ಪಾತ್ರೆಗಳನ್ನು ದಂಪತಿಗಳೇ ತೆಗೆಯಬೇಕೆಂಬುದು ಗಾಂಧಿಯವರ ನಿಯಮ. ಅಸ್ಪೃಶ್ಯರೆನಿಸಿಕೊಂಡವರ ಮನೆಯಲ್ಲಿ ಹುಟ್ಟಿ ಕ್ರೈಸ್ತರಾಗಿದ್ದ ಒಬ್ಬರ ಪಾತ್ರೆಯನ್ನು ಕಸ್ತೂರಬಾ ಅಳುತ್ತ ಎತ್ತಿಕೊಂಡು ಇಳಿದರು. ನಗುನಗುತ್ತ ಎತ್ತಬೇಕೆಂದು ಗಾಂಧಿ ಗದರಿ, ಮಾತು ಬೆಳೆದು, ಆಕೆಯ ಕೈಹಿಡಿದು ಗೇಟಿನವರೆಗೆ ಎಳೆದೊಯ್ದರು. ತಮ್ಮ ತಪ್ಪನ್ನು ಅವರು ಮುಚ್ಚಿಡದೆ ಬರೆದುಕೊಂಡದ್ದು ದೊಡ್ಡ ಮಾತು. ನನಗೆ ಅಂದು ನೆನಪಾದದ್ದು ಅದರ ಇನ್ನೊಂದು ಮಗ್ಗುಲು. ಕೊಳೆಯನ್ನು ಇನ್ನೊಬ್ಬರ ಮೇಲೆ ಹೊರಿಸುವುದು ಒಂದು ದರ್ಪವಾದರೆ, ಕೊಳೆ ತೆಗೆಯುವ ಪುಣ್ಯವನ್ನು ಇನ್ನೊಬ್ಬರ ಮೇಲೆ ಹೊರಿಸುವುದೂ ದರ್ಪವೇ. ಒಂದು ಭಾನುವಾರ ತಂತಿ ಹಿಡಿದವನು ಹದಿನಾರು ವರ್ಷ ಬಗ್ಗಿದವಳಿಗೆ ನೀತಿ ಹೇಳಲು ಹೊರಟಿದ್ದೆ.

ಹಾಗಾದರೆ ಎಲ್ಲರೂ ತಮ್ಮ ಬಚ್ಚಲನ್ನು ತಾವೇ ಬಿಡಿಸಿಕೊಳ್ಳಬೇಕೆ? ಸಾಧ್ಯವಾದವರು ಬಿಡಿಸಿಕೊಂಡರೆ ಒಳ್ಳೆಯದು, ಆದರೆ ಪ್ರಶ್ನೆ ಅಷ್ಟಕ್ಕೇ ತೀರುವುದಿಲ್ಲ. ನನ್ನ ತಂತಿ ಮೊಳದುದ್ದ ಮಾತ್ರ ಇಳಿಯಬಲ್ಲದು. ಅದರಾಚೆಗೆ ಬೀದಿಯ ಚರಂಡಿ ಇದೆ, ಅದರಾಚೆಗೆ ವೃಷಭಾವತಿ ಇದೆ. ಸುಮಾರು 100 ಕಿಲೋಮೀಟರ್ ದೂರದಿಂದ ಎತ್ತಿ ತಂದ ಕಾವೇರಿಯನ್ನು ನಾವು ಒಮ್ಮೆ ಮೈಮೇಲೆ ಹೊಯ್ದುಕೊಂಡು ಕೆಳಗೆ ಬಿಡುತ್ತೇವೆ. ಹೀಗೆ ಬಿಟ್ಟದ್ದನ್ನು ಹೊತ್ತ ವೃಷಭಾವತಿ ಬೈರಮಂಗಲದ ಕೆರೆಯನ್ನು ಹಾದು, ಅರ್ಕಾವತಿಯನ್ನು ಸೇರಿ, ಕನಕಪುರದಿಂದಾಚೆ ಸಂಗಮದಲ್ಲಿ ಕಾವೇರಿಗೇ ಹಿಂತಿರುಗುತ್ತದೆ. ಆ ‘ಎಲ್ಲಿಗೋ’ ಎಂಬ ಜಾಗಕ್ಕೆ ಹೆಸರಿದೆ, ದಡದಲ್ಲಿ ಊರುಗಳಿವೆ, ಬೇಸಾಯ ಮಾಡುವವರಿದ್ದಾರೆ. ಅಷ್ಟು ದೂರಕ್ಕೆ ಬೇಕಾದದ್ದು ಯಂತ್ರ, ಹಣ, ಕಾನೂನು, ಅದನ್ನು ನಡೆಸುವ ಸರ್ಕಾರ. ಒಬ್ಬ ಅಧ್ಯಾಪಕನ ಪಶ್ಚಾತ್ತಾಪದಿಂದ ಒಂದು ಮ್ಯಾನ್‌ಹೋಲೂ ಶುದ್ಧವಾಗುವುದಿಲ್ಲ.

ನನ್ನ ಪಾಲಿಗೆ ಬರುವ ಭಾಗ ಸಣ್ಣದು. ಸಣ್ಣದಾದ್ದರಿಂದಲೇ ತಪ್ಪಿಸಿಕೊಳ್ಳಲು ನೆಪ ಸಿಕ್ಕುವುದಿಲ್ಲ. ಹೊರಗೆ ಬಿಟ್ಟದ್ದು ನನ್ನದೆಂದು ಒಪ್ಪಿಕೊಳ್ಳುವುದು. ಬೇರೆಯವರ ಕೈ ಅದರಲ್ಲಿ ಇಳಿಯಬೇಕಾಗಿ ಬಂದರೆ ಒಳಗೇನಿದೆಯೆಂದು ಮೊದಲೇ ಹೇಳುವುದು. ಕೈಗವಸು ಇಲ್ಲದೆ ಬಂದರೆ ಕೊಟ್ಟು ಮುಂದೆ ಬಿಡುವುದು. “ಬನ್ನಿ” ಎನ್ನುವುದು. ಹೆಸರು ಕೇಳುವುದು. ಬೇಸಿನ್ನಿನ ನಲ್ಲಿಯನ್ನು ತೋರಿಸಿ, ಸೋಪನ್ನೂ ಟವೆಲ್ಲನ್ನೂ ಕೊಟ್ಟು, ಪಕ್ಕಕ್ಕೆ ಸರಿದು ನಿಲ್ಲುವುದು. ಬರೆದು ನೋಡಿದರೆ ಇವು ಎಷ್ಟು ಅಲ್ಪವೆಂದು ನಾಚಿಕೆಯಾಗುತ್ತದೆ. ಇಷ್ಟು ಅಲ್ಪವಾದುದನ್ನು ಅಂದು ಮಾಡದೆಹೋದೆನಲ್ಲ ಎಂಬುದು ಇನ್ನೂ ಹೆಚ್ಚಿನ ನಾಚಿಕೆ.

ಆ ಹಿರಿಯರನ್ನು ಕಂಡು ಒಂದು ಮಾತು ಹೇಳಬೇಕೆಂದು ಪ್ಲಂಬರನಿಗೆ ಫೋನು ಮಾಡಿದೆ. ಅವರು ಕೆಲಸಕ್ಕೆ ಬರುವುದನ್ನು ಬಿಟ್ಟು ಊರಿಗೆ ಹೋದರಂತೆ. ಯಾವ ಊರೆಂದು ಅವನಿಗೆ ಗೊತ್ತಿಲ್ಲ. “ಯಾಕ್ ಸಾರ್, ಮತ್ತೆ ಬ್ಲಾಕ್ ಆಯ್ತಾ?” ಎಂದು ಕೇಳಿದ. ಇಲ್ಲವೆಂದೆ.

ಈಗ ಮನೆಯಲ್ಲಿ ಕೊನೆಗೆ ಸ್ನಾನ ಮಾಡುವವನು ನಾನು. ಮೈ ಒರೆಸಿಕೊಳ್ಳುವ ಮೊದಲು ಬಗ್ಗಿ, ಜಾಲರಿಯ ಮೇಲಿನ ಕೂದಲನ್ನು ಬೆರಳಿನಿಂದ ಬಳಿದು, ಕಾಗದದಲ್ಲಿ ಸುತ್ತಿ, ಕಸದ ಡಬ್ಬಿಗೆ ಹಾಕುತ್ತೇನೆ. ಹೇಸಿಗೆ ಇನ್ನೂ ಪೂರ್ತಿ ಹೋಗಿಲ್ಲ. ನೀರೇನೋ ಸರಾಗವಾಗಿ ಹೋಗುತ್ತಿದೆ. ಹೋಗುವಾಗ ಆಗುವ ಸದ್ದನ್ನು ಕೇಳಿಸಿಕೊಂಡು, ಮೇಲಿನಿಂದ ಹೊಯ್ದ ಆ ಮೂರು ಚೊಂಬು ನೀರನ್ನು ಒಮ್ಮೆ ನೆನೆದು, ಕಾಲೇಜಿಗೆ ಹೊರಡುತ್ತೇನೆ.